ಫೋಟೋದ ಅಂಚಿಗೆ ಹೆದರುವ ನಮ್ಮತ್ತೆ

ನಮ್ಮ ಸೋದರತ್ತೆಗೆ ದೆವ್ವದ ಭಯವಿಲ್ಲ. ಕಳ್ಳರ ಭಯವಿಲ್ಲ, ಹಾವಿನ ಭಯವಿಲ್ಲ, ಬೆಂಗಳೂರಿನ ಟ್ರಾಫಿಕ್ಕಿನ ಭಯವಂತೂ ಇಲ್ಲವೇ ಇಲ್ಲ. ಕೈ ಅಡ್ಡ ಚಾಚಿಕೊಂಡು ರಸ್ತೆಗಿಳಿದರೆಂದರೆ ಬಸ್ಸು ತಾನಾಗಿ ನಿಲ್ಲಬೇಕು. ನಿಲ್ಲುತ್ತದೆ ಕೂಡ! ಈ ಲೋಕದಲ್ಲಿ ಅವರು ಹೆದರುವುದು ಒಂದೇ ಒಂದಕ್ಕೆ. ಫೋಟೋದ ಅಂಚಿಗೆ. ನಗಬೇಡಿ. ಹೋದ ವರ್ಷದವರೆಗೆ ನಾನೂ ನಗುತ್ತಿದ್ದೆ.

ಅತ್ತೆ ಇರುವುದು ಶಂಕರಪುರಂನ ಹಳೆಯ ಮನೆಯೊಂದರಲ್ಲಿ, ಮಗ ಶಿವು ಮತ್ತು ಸೊಸೆ ರಶ್ಮಿಯ ಜೊತೆ. ನಾನಿರುವುದು ಪಕ್ಕದ ಚಾಮರಾಜಪೇಟೆಯಲ್ಲಿ, ಚಪ್ಪಲಿ ಮೆಟ್ಟಿ ಹೊರಟರೆ ಬೆವರುವ ಮೊದಲೇ ತಲುಪುವಷ್ಟು ದೂರ. ಅವರ ಮನೆಯ ಹಾಲ್‌ನಲ್ಲಿ ಬದುಕಿರುವವರಿಗಿಂತ ಗೋಡೆಯ ಮೇಲಿರುವವರೇ ಜಾಸ್ತಿ. ತಾತ, ಮುತ್ತಾತ, ತರಗುಪೇಟೆಯಲ್ಲಿ ಮೊದಲು ಬೇಳೆಯಂಗಡಿ ಇಟ್ಟ ಯಜಮಾನರು, ಅವರ ಅಣ್ಣತಮ್ಮಂದಿರು. ಎಲ್ಲರ ಹಣೆಯಲ್ಲೂ ವಿಭೂತಿ, ಒಬ್ಬರ ಮುಖದಲ್ಲೂ ನಗುವಿಲ್ಲ. ಕ್ಯಾಮೆರಾ ಕಂಡೊಡನೆ ಉಸಿರು ಬಿಗಿಹಿಡಿಯುತ್ತಿದ್ದರೆಂದು ಕಾಣುತ್ತದೆ. ಇನ್ನೂ ಬಿಟ್ಟಿಲ್ಲ.

ಮಧ್ಯಾಹ್ನದ ಹೊತ್ತು ಬೆಳಕಿಂಡಿಯ ಬಿಸಿಲು ಆ ಗೋಡೆಯ ಮೇಲೆ ನಿಧಾನವಾಗಿ ಸರಿಯುತ್ತದೆ. ಬಿಸಿಲು ಬಿದ್ದ ಫೋಟೋದ ಗಾಜು ಫಳಕ್ಕನೆ ಹೊಳೆದಾಗ ಅತ್ತೆ ಅಕ್ಕಿ ಆರಿಸುತ್ತಾ, ತಲೆ ಕೂಡ ಎತ್ತದೆ, "ಈಗ ನಮ್ಮ ಮಾವನೋರು ಎದ್ರು" ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ, "ನಮ್ಮಪ್ಪ ಎದ್ರು." ತಲೆಯೆತ್ತದೆ ಅವರಿಗೆ ಹೇಗೆ ಗೊತ್ತಾಗುತ್ತದೆ? ನಾನು ಕೇಳಿಲ್ಲ. ಆ ಮನೆಯಲ್ಲಿ ಕೆಲವು ಪ್ರಶ್ನೆಗಳನ್ನು ಕೇಳದಿರುವುದೇ ಕ್ಷೇಮ.

ಹೊರಗೆ ಹೊರಡುವಾಗ ಗೋಡೆಗೆ ಹೇಳಿ ಹೊರಡುವುದು ಅವರ ಪದ್ಧತಿ. "ತರಕಾರಿಗೆ ಹೋಗ್ಬರ್ತೀನ್ರಪ್ಪಾ, ಬಾಗ್ಲು ನೋಡ್ಕೊಳಿ." ಒಮ್ಮೆ ಹೋದಾಗ ತೀರಿಕೊಂಡ ನಮ್ಮ ಮಾವನ ಫೋಟೋ ಗೋಡೆಗೆ ಮುಖ ಮಾಡಿಕೊಂಡಿತ್ತು. ಗಾಬರಿಯಾಗಿ ಕೇಳಿದೆ.

"ಯಾಕತ್ತೆ, ಮೊಳೆ ಸಡಿಲ ಆಯ್ತಾ?"

"ಮೊಳೆಗೇನಾಗಿದೆ? ನಮ್ಮ ಮದುವೆ ದಿನ ಇವರಕ್ಕ ನನಗೇನೋ ಅಂದಿದ್ಲು. ಇವರು ಕೇಳಿಸ್ಕೊಂಡೂ ಸುಮ್ನಿದ್ರು. ಇವತ್ತು ನೆನಪಾಯ್ತು."

ಮರುದಿನ ಶಿಕ್ಷೆ ಮುಗಿದು ಮಾವ ಈ ಕಡೆಗೆ ತಿರುಗಿದ್ದರು. ಮುಖ ಸ್ವಲ್ಪ ಸಪ್ಪಗಿತ್ತು. ನನಗೆ ಹಾಗನ್ನಿಸಿರಬಹುದು.

ಇನ್ನು ಮೂವರು ನಿಂತು ಫೋಟೋ ತೆಗೆಸಿಕೊಳ್ಳಬಾರದೆಂಬ ಮಾತನ್ನು ನೀವೂ ಕೇಳಿರುತ್ತೀರಿ. ನಡುವೆ ನಿಂತವರಿಗೆ ಆಗುವುದಿಲ್ಲವಂತೆ. ಎಲ್ಲರ ಮನೆಯಲ್ಲೂ ಇದನ್ನು ಹೇಳುತ್ತಾರೆ, ಹೇಳಿ ಮರೆಯುತ್ತಾರೆ. ಅತ್ತೆ ಮರೆಯುವವರಲ್ಲ. ಮೂವರಾದರೆ ನಾಲ್ಕನೆಯವರಾಗಿ ಒಂದು ತೆಂಗಿನಕಾಯಿ ಕೂರಬೇಕು! ನನ್ನ ತೊಟ್ಟಿಲ ಶಾಸ್ತ್ರದ ಫೋಟೋದಲ್ಲಿ ಅಪ್ಪ, ಅಮ್ಮ, ನಾನು ಮತ್ತು ಒಂದು ತೆಂಗಿನಕಾಯಿ ಇದ್ದೇವೆ. ಕಾಯಿಗೆ ಕುಂಕುಮ ಬೇರೆ ಇಟ್ಟಿದ್ದಾರೆ. ನಾಲ್ವರಲ್ಲಿ ಅದೇ ಚೆನ್ನಾಗಿ ಬಂದಿದೆ.

ಇದೆಲ್ಲ ತಮಾಷೆಯಾಯಿತು. ಆದರೆ ಆ ಗೋಡೆಯ ಮೇಲೆ ನಾವು ಮಕ್ಕಳಾಗಿದ್ದಾಗ ಯಾರೂ ಒಬ್ಬರೇ ನಿಂತು ನೋಡಲಾಗದ ಒಂದು ಫೋಟೋ ಇತ್ತು, ಈಗಲೂ ಇದೆ. ಅತ್ತೆ ತವರಿನಿಂದ ತಂದದ್ದು. ತಾತ ಮತ್ತು ಅಜ್ಜಿ ಕುರ್ಚಿಗಳಲ್ಲಿ ಕೂತಿದ್ದಾರೆ. ಅಜ್ಜಿಯ ತೊಡೆಯ ಮೇಲಿರುವ ಕೂಸು ನನ್ನ ಅಪ್ಪ. ಪಕ್ಕದಲ್ಲಿ ನಿಂತಿರುವ ಎರಡು ಜಡೆಯ ಹುಡುಗಿ ನಮ್ಮತ್ತೆ. ಆ ಹುಡುಗಿಯ ಹೆಗಲ ಮೇಲೆ ಒಂದು ಕೈ ಇದೆ. ಕೈ ಮಾತ್ರ. ಮಣಿಕಟ್ಟಿನವರೆಗೆ ಇದೆ, ಅದರಾಚೆ ಕಟ್ಟಿನ ಮರ. ಬೆರಳುಗಳು ಹೆಗಲನ್ನು ಹಗುರವಾಗಿ ಹಿಡಿದಿವೆ. ಕೈಗೆ ಒಡೆಯನಿಲ್ಲ!

ದೊಡ್ಡವಳಾದ ಮೇಲೆ ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಅದಾ? ನಮ್ಮಣ್ಣಂದು," ಎಂದರು ಅತ್ತೆ, ಯಾರದೋ ಛತ್ರಿ ಯಾರದೆಂದು ಹೇಳುವಷ್ಟು ಸಲೀಸಾಗಿ. "ಫೋಟೋಗೆ ಕಟ್ಟು ಹಾಕಿಸ್ಬೇಕು ಅಂತ ಅಪ್ಪ ಅವೆನ್ಯೂ ರಸ್ತೆಗೆ ಹೋದ್ರು. ಅಲ್ಲಿ ಒಂದು ರೆಡಿ ಕಟ್ಟು ಇತ್ತು, ಚೆನ್ನಾಗಿತ್ತು. ಫೋಟೋ ಮಾತ್ರ ಅಗಲ ಜಾಸ್ತಿ. ಅಂಗಡಿಯೋನು, 'ಸ್ವಾಮೀ, ಪಕ್ಕದಲ್ಲಿ ಸ್ವಲ್ಪ ಕತ್ತರಿಸ್ಲಾ?' ಅಂದ. 'ಕತ್ತರಿಸಪ್ಪ, ಹುಡುಗ ಹೇಗೂ ಮನೇಲೇ ಇದಾನಲ್ಲ, ದಿನಾ ನೋಡ್ತೀವಿ' ಅಂದ್ರು ಅಪ್ಪ."

"ಆಮೇಲೆ?"

"ಆಮೇಲೇನು? ಅದೇ ವರ್ಷ ಕಾಮಾಲೆ ಬಂತು. ಹೋದ." ಮೊರವನ್ನು ಒಮ್ಮೆ ಕೊಡವಿದರು. "ಅವನ ಮುಖ ಹೇಗಿತ್ತು ಅಂತ ನೋಡ್ಕೊಳೋಕೆ ಇನ್ನೊಂದು ಫೋಟೋ ಇರಲಿಲ್ಲ ಕಣೇ."

ಕಾಮಾಲೆಗೂ ಕತ್ತರಿಗೂ ಏನು ಸಂಬಂಧ? ನನಗೆ ಗೊತ್ತು, ನಿಮಗೂ ಗೊತ್ತು. ಅತ್ತೆಗೆ ಗೊತ್ತಿರುವುದೇ ಬೇರೆ. ಅಂದಿನಿಂದ ಅವರ ಲೆಕ್ಕದಲ್ಲಿ ಫೋಟೋದ ಅಂಚು ಎಂದರೆ ಹೊಸ್ತಿಲು. ಅದರಾಚೆ ಹೋದವರು ಈಚೆ ಬರುವುದಿಲ್ಲ.

ಇಂಥ ಅತ್ತೆ ಇರುವ ಮನೆಗೆ ನಾನು ವೆಬ್‌ಸೈಟ್ ಮಾಡಿಕೊಡಲು ಒಪ್ಪಿಕೊಂಡೆ. ನನ್ನ ಹೊಟ್ಟೆಪಾಡೇ ಅದು. ಮನೆಯಲ್ಲಿ ಕೂತು ಅವರಿವರ ಅಂಗಡಿಗಳಿಗೆ ವೆಬ್‌ಸೈಟ್ ಕಟ್ಟುತ್ತೇನೆ. ತರಗುಪೇಟೆಯ ಬೇಳೆಯಂಗಡಿಯನ್ನು ಈಗ ನಡೆಸುವ ಶಿವು ಒಂದು ದಿನ ಬಂದು, "ಸುಮಾ, ನಮ್ದೂ ಒಂದು ಮಾಡ್ಕೊಡೇ. ಮೇಲ್ಗಡೆ ದೊಡ್ಡದಾಗಿ ನಮ್ಮೆಲ್ಲರ ಫೋಟೋ ಬರ್ಬೇಕು. ತೆಗೆದ ತಕ್ಷಣ ಜನಕ್ಕೆ ಮುಖ ಕಾಣ್ಬೇಕು" ಎಂದ. ಆಯುಧಪೂಜೆಯ ದಿನ ಅಂಗಡಿಯ ಮುಂದೆ ಎಲ್ಲರೂ ಸಾಲಾಗಿ ನಿಂತು ತೆಗೆಸಿಕೊಂಡ ಫೋಟೋ ಅದು. ನಡುವೆ ಕುರ್ಚಿಯಲ್ಲಿ ಅತ್ತೆ. ಹಿಂದೆ ಶಿವು ಮತ್ತು ಅಂಗಡಿಯ ಆಳುಗಳು. ಎಡತುದಿಯಲ್ಲಿ ಹಳೆಯ ಗುಮಾಸ್ತ ಮಲ್ಲಣ್ಣ. ಬಲತುದಿಯಲ್ಲಿ, ಮಲ್ಲಿಗೆ ಮುಡಿದು ಕೊನೆಗೆ ಓಡಿಬಂದು ನಿಂತ ರಶ್ಮಿ. ಅವಳಿಗಾಗ ಐದು ತಿಂಗಳು.

ಒಂದೇ ಫೋಟೋ ಲ್ಯಾಪ್‌ಟಾಪಿನ ಅಗಲ ತೆರೆಯಲ್ಲೂ ಫೋನಿನ ಕಿರಿದಾದ ತೆರೆಯಲ್ಲೂ ಸರಿಯಾಗಿ ಕಾಣಬೇಕಾದರೆ ಸಿಎಸ್‌ಎಸ್ ಬರೆಯಬೇಕು. ಪುಟದಲ್ಲಿ ಯಾವುದು ಎಲ್ಲಿ ಕೂರಬೇಕು, ಎಷ್ಟು ಜಾಗ ಹಿಡಿಯಬೇಕು ಎಂದು ಬ್ರೌಸರಿಗೆ ಹೇಳುವ ಭಾಷೆ ಅದು. ಮದುವೆ ಮನೆಯ ಪಂಕ್ತಿಯಲ್ಲಿ ಹಿರಿಯರೊಬ್ಬರು ನಿಂತು 'ನೀನಿಲ್ಲಿ, ನೀನು ಆಚೆ ಸರಿ' ಎನ್ನುತ್ತಾರಲ್ಲ, ಅಂಥ ಕೆಲಸ. ಮೊದಲ ದಿನ ಅದೇನನ್ನೂ ಬರೆಯದೆ ಫೋಟೋ ಹಾಕಿ ಅತ್ತೆಯ ಕೈಗೆ ಫೋನ್ ಕೊಟ್ಟೆ. ತೆರೆಗಿಂತ ಫೋಟೋ ದೊಡ್ಡದು. ಎಡತುದಿಯ ಮಲ್ಲಣ್ಣನ ಮುಖವೊಂದೇ ತೆರೆಯ ತುಂಬ ಇತ್ತು. ಅತ್ತೆ ಬೆರಳಿಂದ ಜರುಗಿಸುತ್ತಾ ಹೋದರು. ಕತ್ತಲೆಯಿಂದ ಬಂದಂತೆ ಒಬ್ಬೊಬ್ಬರಾಗಿ ಬಂದರು, ಬಂದವರು ಆಚೆ ಹೋದರು.

"ಎಲ್ಲರೂ ಎಲ್ಲಿಗೆ ಹೋಗ್ತಿದಾರೆ?" ಎಂದರು ಅತ್ತೆ, ಸಣ್ಣ ದನಿಯಲ್ಲಿ.

ಅಗಲವನ್ನು ತೆರೆಯಷ್ಟಕ್ಕೇ ನಿಲ್ಲಿಸಿ ಮರುದಿನ ಮತ್ತೆ ತಂದೆ. ಅವಸರದಲ್ಲಿ ಎತ್ತರವನ್ನು ಹಾಗೇ ಬಿಟ್ಟಿದ್ದೆ. ಅಗಲ ಕುಗ್ಗಿತು, ಎತ್ತರ ಕುಗ್ಗಲಿಲ್ಲ. ಎಲ್ಲರೂ ಹಿಂಡಿದಂತಾಗಿ ನೀಳವಾಗಿದ್ದರು. ಮೊಳದುದ್ದದ ಮುಖ, ಕೆಳಗೆಳೆದ ಕಣ್ಣು, ಕೋಲಿನಂಥ ಕತ್ತು. ಅತ್ತೆ ಬಹಳ ಹೊತ್ತು ನೋಡಿದರು.

"ಇವ್ರೆಲ್ಲ ಯಾರೇ?"

"ನೀವೇ ಅತ್ತೆ. ನಿಮ್ಮನೆಯೋರೇ."

"ನಮ್ಮೋರಲ್ಲ. ನಮ್ಮೋರ ಬಟ್ಟೆ ಹಾಕ್ಕೊಂಡು ಬೇರೆ ಯಾರೋ ನಿಂತಿದಾರೆ."

ನಗಲು ಹೊರಟವಳು ಫೋನಿನತ್ತ ಇನ್ನೊಮ್ಮೆ ನೋಡಿದೆ. ನಿಜ ಹೇಳುತ್ತೇನೆ, ಒಂದು ಕ್ಷಣ ನನಗೂ ಅವರು ಯಾರೋ ಅನ್ನಿಸಿತು. ನಮ್ಮ ಶಿವುವಿನ ಅಂಗಿ ತೊಟ್ಟ ಯಾರೋ ಒಬ್ಬ ಅಷ್ಟೆತ್ತರದಿಂದ ನನ್ನನ್ನೇ ನೋಡುತ್ತಿದ್ದ.

ಎತ್ತರವನ್ನೂ ಅಗಲದ ಜೊತೆಗೇ ಕುಗ್ಗುವಂತೆ ಮಾಡಿದೆ. ಈಗ ಮುಖಗಳು ಮುಖಗಳಾದವು, ಎಲ್ಲರೂ ಕಂಡರು. ಆದರೆ ಫೋನಿನಲ್ಲಿ ಫೋಟೋ ಬೆಂಕಿಪೊಟ್ಟಣದಷ್ಟಾಯಿತು. ಶಿವು ಒಪ್ಪಲಿಲ್ಲ. "ಇದೇನೇ, ಅಂಚೆಚೀಟಿ ಅಂಟಿಸಿದಂಗಿದೆ? ಫೋನ್ ತುಂಬ ಬರ್ಬೇಕು ಗುರು!" ಹಾಗಾದರೆ ಇರುವುದೊಂದೇ ಉಪಾಯ. ಸಿಎಸ್‌ಎಸ್‌ನಲ್ಲಿ 'ಕವರ್' ಎಂಬುದೊಂದಿದೆ. ಕೊಟ್ಟ ಜಾಗವನ್ನು ಪೂರ್ತಿ ತುಂಬು, ಹೆಚ್ಚಾಗಿ ಉಳಿದದ್ದನ್ನು ಎರಡೂ ಪಕ್ಕದಿಂದ ಕತ್ತರಿಸು ಎಂದು ಅದರ ಅರ್ಥ. ಹಾಕಿದೆ. ಫೋನ್ ತುಂಬ ಮುಖಗಳು ಬಂದವು, ಶಿವುವಿಗೆ ಖುಷಿಯಾಯಿತು. ಅಂಚಿನಲ್ಲಿ ಯಾರು ಹೋದರೆಂದು ನಾವಿಬ್ಬರೂ ನೋಡಲಿಲ್ಲ.

ಅತ್ತೆ ನೋಡಿದರು. ವೆಬ್‌ಸೈಟ್ ಶುರುವಾದಾಗಿನಿಂದ ಅವರಿಗೆ ಹೊಸ ಖಯಾಲಿ ಹತ್ತಿತ್ತು. ಒಂದೊಂದು ಫೋನಿನಲ್ಲಿ ಒಂದೊಂದು ಥರ ಕಾಣುತ್ತದೆ ಎಂದು ನಾನೇ ಬಾಯ್ತಪ್ಪಿ ಹೇಳಿದ್ದೆ. ಮನೆಗೆ ಬಂದವರು ಚಪ್ಪಲಿ ಹೊರಗೆ ಬಿಡಬೇಕು, ಫೋನ್ ಅತ್ತೆಯ ಕೈಗೆ ಕೊಡಬೇಕು! ಹಾಲಿನವರು ಕೊಟ್ಟರು, ಗ್ಯಾಸಿನವರು ಕೊಟ್ಟರು. ಒಮ್ಮೆ ಆಟೋದಿಂದ ಇಳಿದು, "ಬಾಡಿಗೆ ಆಮೇಲೆ ಕೊಡ್ತೀನಿ, ಮೊದ್ಲು ನಿಮ್ಮ ಫೋನ್ ಕೊಡಿ" ಎಂದರಂತೆ. ಆಟೋದವನು ಬಿಳಿಚಿಕೊಂಡ. "ಅಮ್ಮಾ, ಮೀಟರ್ ಮೇಲೆ ಸ್ವಲ್ಪ ಜಾಸ್ತಿ ಕೇಳಿದ್ದು ತಪ್ಪಾಯ್ತು, ಕಂಪ್ಲೇಂಟ್ ಮಾಡ್ಬೇಡಿ!" ಅವನ ಫೋನಿನ ತೆರೆ ಕಿರಿದು. ಅತ್ತೆ ಅದರಲ್ಲಿ ನಮ್ಮ ಪುಟ ತೆರೆಸಿದರು. ಮಲ್ಲಣ್ಣ ಇರಲಿಲ್ಲ.

ಸಂಜೆ ನನಗೆ ಫೋನ್ ಬಂತು. "ಮಲ್ಲಣ್ಣ ಎಲ್ಲಿ?"

"ಅಂಗಡೀಲಿ ಇರ್ತಾರೆ ಅತ್ತೆ."

"ಫೋಟೋದಲ್ಲಿ ಎಲ್ಲಿ ಅಂದೆ."

ಅಂಚು, ಅಗಲ, ತೆರೆ ಎಂದು ಏನೇನೋ ವಿವರಿಸಿದೆ. ಅವರು "ಹೂಂ" ಎಂದು ಇಟ್ಟರು. ಮರುದಿನ ಬೆಳಗ್ಗೆ ಮಲ್ಲಣ್ಣ ಗೋದಾಮಿನ ಮೆಟ್ಟಿಲಿನಿಂದ ಜಾರಿ ಬಿದ್ದು ಕಾಲು ಮುರಿದುಕೊಂಡರು.

ಆ ಮೆಟ್ಟಿಲುಗಳು ಸವೆದು ನುಣುಪಾಗಿವೆ. ಎಷ್ಟೋ ಜನ ಜಾರಿದ್ದಾರೆ. ನಾನೇ ಒಮ್ಮೆ ಜಾರಿದ್ದೇನೆ. ಇದನ್ನೆಲ್ಲ ಅತ್ತೆಗೆ ಹೇಳಬೇಕೆಂದು ಫೋನ್ ಎತ್ತಿದೆ. ಅವರು ನನಗೆ ಬಾಯಿ ತೆರೆಯಲು ಬಿಡಲಿಲ್ಲ.

"ಸುಮಾ, ಇನ್ನೊಂದು ಅಂಚಲ್ಲಿ ಯಾರಿದಾರೆ ನೋಡು."

ನೋಡಿದೆ. ರಶ್ಮಿ ಅರ್ಧ ಇದ್ದಳು. ಒಂದು ಕಣ್ಣು, ಅರ್ಧ ನಗು, ಸೀರೆಯ ನೆರಿಗೆಯ ಒಂದು ಪಾಲು. ತೆರೆಯ ಅಂಚು ಅವಳ ಹೊಟ್ಟೆಯ ನಡುವೆ ನೆಟ್ಟಗೆ ಹಾದುಹೋಗಿತ್ತು.

"ಯಾರೇ?" ಎಂದು ಅತ್ತೆ ಮತ್ತೆ ಕೇಳಿದರು. ಅವರಿಗೆ ಉತ್ತರ ಗೊತ್ತಿತ್ತು. ನನ್ನ ಬಾಯಿಂದ ಹೇಳಿಸಬೇಕಿತ್ತು, ಅಷ್ಟೆ.

ಅಂದಿನಿಂದ ಅತ್ತೆಗೆ ಬೇಕಾದದ್ದು ಒಂದೇ. ರಶ್ಮಿಯೂ ಅವಳ ಹೊಟ್ಟೆಯೊಳಗಿನ ಕೂಸೂ ಯಾರ ಫೋನಿನಲ್ಲೂ, ಎಷ್ಟೇ ಸಣ್ಣ ತೆರೆಯಲ್ಲೂ ಕತ್ತರಿಸಿ ಹೋಗಬಾರದು. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ರಶ್ಮಿಗೆ ನಿಂತ ಬಸುರು ಅದು. ಹಿಂದೆ ಎರಡು ಸಲ ಆಸೆ ಹುಟ್ಟಿ ಕಮರಿತ್ತು. ಅತ್ತೆ ಆಗ ಅತ್ತಿರಲಿಲ್ಲ. ಎರಡು ಸಲವೂ ಗೋಡೆಯ ಎಲ್ಲ ಫೋಟೋಗಳನ್ನೂ ಇಳಿಸಿ ಒರೆಸಿ ಮತ್ತೆ ಹಾಕಿದ್ದರಂತೆ.

ನಾನು ಓದಿದವಳು. ಲ್ಯಾಪ್‌ಟಾಪ್ ಮುಂದೆ ಕೂತು ಹೊಟ್ಟೆ ಹೊರೆಯುವವಳು. ಫೋಟೋ ಕತ್ತರಿಸಿದರೆ ಮನುಷ್ಯರಿಗೇನೂ ಆಗುವುದಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ. ಮರುದಿನ ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಕೂತು ಇದನ್ನು ಸರಿಮಾಡತೊಡಗಿದೆ. ಬೇರೆ ಬೇರೆ ಅಗಲದಲ್ಲಿ ಹೇಗೆ ಕಾಣುತ್ತದೆಂದು ನೋಡಲು ನಾವು ಬ್ರೌಸರಿನ ಕಿಟಕಿಯ ಅಂಚನ್ನು ಹಿಡಿದು ಎಳೆಯುತ್ತೇವೆ. ಅಗಲವಾಗಿದ್ದದ್ದು ಕಿರಿದಾಗುತ್ತದೆ. ನಾನು ಸಾವಿರ ಸಲ ಮಾಡಿರುವ ಕೆಲಸ. ಎಳೆದೆ. ಮಲ್ಲಣ್ಣನ ಭುಜ ಹೋಯಿತು, ಕಿವಿ ಹೋಯಿತು, ಮಲ್ಲಣ್ಣ ಹೋದರು. ಈ ಕಡೆ ರಶ್ಮಿಯ ಮಲ್ಲಿಗೆ ಹೋಯಿತು. ಇನ್ನಷ್ಟು ಎಳೆದೆ. ಒಂದು ಕಣ್ಣು ಉಳಿಯಿತು. ಆ ಕಣ್ಣು ನನ್ನನ್ನು ನೋಡುತ್ತಲೇ ಅಂಚಿನೊಳಗೆ ಸರಿಯಿತು. ನಾನು ಕಿಟಕಿಯನ್ನು ಎಳೆಯುತ್ತಿರಲಿಲ್ಲ, ಬಾಗಿಲು ಮುಚ್ಚುತ್ತಿದ್ದೆ. ಆಚೆ ಇದ್ದವರು ಕೂಗಲಿಲ್ಲ, ತಳ್ಳಲಿಲ್ಲ, ನಗುತ್ತಲೇ ಹೋದರು.

ಆಗ ಫೋನ್ ಹೊಡೆದುಕೊಂಡಿತು. ಶಿವು. "ಸುಮಾ, ರಶ್ಮಿಗೆ ಬಿಪಿ ಏಕ್ದಂ ಜಾಸ್ತಿ ಆಗಿದೆ. ಅಡ್ಮಿಟ್ ಮಾಡ್ಕೊಂಡ್ರು. ಅಮ್ಮ ಒಬ್ರೇ ಇದಾರೆ, ಮನೆಗೆ ಹೋಗು."

ಹೊರಡುವ ಮೊದಲು ನಾನೇನು ಮಾಡಿದೆ ಗೊತ್ತೇ? ಮೇಜಿಗೆ ವಾಪಸ್ ಬಂದು, ಬ್ರೌಸರಿನ ಅಂಚು ಹಿಡಿದು, ಎಳೆಯುವಷ್ಟೂ ಅಗಲಕ್ಕೆ ಎಳೆದೆ. ರಶ್ಮಿ ಪೂರ್ತಿ ಬಂದು ನಿಂತ ಮೇಲೆಯೇ ಚಪ್ಪಲಿ ಮೆಟ್ಟಿದೆ. ಇಷ್ಟಕ್ಕೆಲ್ಲ ಏನು ಪ್ರಯೋಜನವೆಂದು ನನ್ನನ್ನು ಕೇಳಬೇಡಿ!

ಅತ್ತೆ ಹಾಲ್‌ನಲ್ಲಿ ಗೋಡೆಗೆ ಎದುರಾಗಿ ಕೂತಿದ್ದರು. ನಾನು ಬಂದದ್ದು ಗೊತ್ತಾಗಿ, "ಎಲ್ಲರಿಗೂ ಹೇಳಿದೀನಿ. ನೋಡ್ಕೊತಾರೆ" ಎಂದರು. ಬಿಸಿಲು ಆಗಲೇ ಗೋಡೆ ದಾಟಿತ್ತು. ಆ ಮಬ್ಬಿನಲ್ಲಿ ಅಷ್ಟೂ ಮುಖಗಳು ನಮ್ಮಿಬ್ಬರ ಕಡೆ ತಿರುಗಿದ್ದವು. ನನಗೆ ಭಯವಾಗಬೇಕಿತ್ತು. ಬದಲು, ಯಾರಾದರೂ ನೋಡಿಕೊಂಡರೆ ಸಾಕೆನಿಸಿತು.

ರಶ್ಮಿ ಎರಡು ದಿನದ ಮೇಲೆ ಮನೆಗೆ ಬಂದಳು. ಮಲಗಿಯೇ ಇರಬೇಕು, ಮೆಟ್ಟಿಲು ಹತ್ತಬಾರದು, ಉಪ್ಪು ಮುಟ್ಟಬಾರದು. ಅವಳಿಗೇನೋ ನಗು. "ಅತ್ತೆ ನನ್ನ ಫೋಟೋಗೆ ಉಪ್ಪು ನಿವಾಳಿಸ್ತಿದಾರೆ, ನನಗೆ ಊಟಕ್ಕೆ ಮಾತ್ರ ಉಪ್ಪು ಇಲ್ಲ" ಎಂದಳು. ಅತ್ತೆ ನಗಲಿಲ್ಲ. ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಆ ಫೋಟೋ ತೆಗೆದುಬಿಡು."

"ಶಿವು ಬಿಡಲ್ಲ ಅತ್ತೆ. ಬೇರೆ ಫೋಟೋ ತೆಗೆಸೋಣ. ಒಂದು ಉಪಾಯ ಇದೆ." ನನ್ನ ಜಾಣತನ ಕೇಳಿ. ಫೋಟೋ ಯಾವ ಪಕ್ಕದಿಂದ ಕತ್ತರಿಸಬೇಕೆಂದು ನಾವೇ ಹೇಳಬಹುದು. ಎಡಗಡೆಯನ್ನು ಹಾಗೇ ಉಳಿಸು, ಕತ್ತರಿಸುವುದಿದ್ದರೆ ಬಲಗಡೆಯಿಂದ ಮಾತ್ರ ಕತ್ತರಿಸು ಎಂದು ಬರೆದರೆ ಸಾಕು. "ಎಲ್ಲರನ್ನೂ ಎಡಗಡೆಗೆ ಒತ್ತಿ ನಿಲ್ಲಿಸೋಣ. ಬಲಗಡೆ ಬರೀ ಬೇಳೆ ಮೂಟೆ ಇಡೋಣ. ಕತ್ತರಿಸಿದ್ರೆ ಮೂಟೆ ಹೋಗ್ಲಿ!"

ಅತ್ತೆ ಯೋಚಿಸಿದರು. "ಬಲಗಡೆ ಅಂದ್ರೆ ನೋಡೋರ ಬಲಗಡೆಯಾ, ನಿಂತೋರ ಬಲಗಡೆಯಾ?"

"ನೋಡೋರ ಬಲಗಡೆ."

"ಆ ಕಡೆಯಿಂದ ಮಾತ್ರ ಕತ್ತರಿಸತ್ತೆ. ಈ ಕಡೆ ಮುಟ್ಟಲ್ಲ. ಖಂಡಿತಾನಾ?"

"ಖಂಡಿತ."

"ಆಯ್ತು" ಎಂದರು. ಅತ್ತೆ ಯಾವುದನ್ನೂ ಒಂದೇ ಮಾತಿಗೆ ಒಪ್ಪಿದವರಲ್ಲ. ಕೊತ್ತಂಬರಿ ಸೊಪ್ಪಿನ ಕಟ್ಟಿಗೂ ಒಂದು ಮಹಾಯುದ್ಧ ಆಗಲೇಬೇಕು. ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ.

ರಶ್ಮಿ ತರಗುಪೇಟೆಗೆ ಹೋಗುವಂತಿರಲಿಲ್ಲ. ಆದ್ದರಿಂದ ಅಂಗಡಿಯೇ ಶಂಕರಪುರಂಗೆ ಬಂತು. ತೊಗರಿಬೇಳೆ, ಕಡಲೆಬೇಳೆಯ ಮೂಟೆಗಳನ್ನು ಟೆಂಪೋದಲ್ಲಿ ತಂದು ಮನೆಯ ಅಂಗಳದಲ್ಲಿ ಒಟ್ಟಿದರು. ಕಾಲಿಗೆ ಪಟ್ಟಿ ಸುತ್ತಿಕೊಂಡ ಮಲ್ಲಣ್ಣನನ್ನು ಆಟೋದಲ್ಲಿ ಕರೆತಂದು ಎಲ್ಲರಿಗಿಂತ ಎಡಕ್ಕೆ ಸ್ಟೂಲಿನ ಮೇಲೆ ಕೂರಿಸಿದರು. "ಅವನಿಗಿರೋದು ಇನ್ನೊಂದೇ ಕಾಲು, ಜೋಪಾನ" ಎಂದು ಅತ್ತೆಯ ಅಪ್ಪಣೆಯಾಯಿತು. ಪಕ್ಕದಲ್ಲಿ ದಿಂಬು ಕೊಟ್ಟು ರಶ್ಮಿಯನ್ನು, ಅವಳ ಬೆನ್ನಿಗೆ ಶಿವುವನ್ನು, ಸುತ್ತ ಆಳುಗಳನ್ನು ನಿಲ್ಲಿಸಿದೆವು. ಅತ್ತೆಗೆ ಎಂದಿನಂತೆ ಕುರ್ಚಿ. ಯಾವ ಫೋಟೋದಲ್ಲೂ ನಡುವಿನ ಕುರ್ಚಿ ಅವರದೇ; ಮಗನ ಮದುವೆಯ ಫೋಟೋದಲ್ಲೂ ಮದುಮಕ್ಕಳು ಆಚೀಚೆ, ನಡುವೆ ಇವರು! ಫೋಟೋದವನು ಕ್ಯಾಮೆರಾ ಎತ್ತಿ "ರೆಡೀನಾ" ಎಂದ. ಅಷ್ಟರಲ್ಲಿ ಅತ್ತೆ ಎದ್ದರು.

"ಒಂದು ಮೂಟೆ ಬಾಯಿ ಬಿಚ್ಕೊಂಡಿದೆ. ಕಟ್ಬಿಡ್ತೀನಿ, ಇರಿ."

ಹೋದವರು ಅಲ್ಲೇ ಮೂಟೆಗಳಾಚೆ ಬಲತುದಿಯಲ್ಲಿ ನಿಂತುಕೊಂಡು, "ತೆಗೀರಿ, ತೆಗೀರಿ, ಸೊಸೆಗೆ ಜಾಸ್ತಿ ಹೊತ್ತು ಕೂರೋಕಾಗಲ್ಲ" ಎಂದರು. ತೆಗೆದರು. ಬಂದ ಫೋಟೋಗಳಲ್ಲಿ ಇದೇ ಚೆನ್ನಾಗಿದೆಯೆಂದು ಆರಿಸಿದ್ದೂ ಅತ್ತೆಯೇ. ಲ್ಯಾಪ್‌ಟಾಪಿನಲ್ಲಿ ನೋಡಿದಾಗ ಮೂಟೆ ಕಾಯುವವರಂತೆ ನಿಂತಿದ್ದ ಅವರನ್ನು ನೋಡಿ ನನಗೂ ಶಿವುವಿಗೂ ನಗು ಬಂತು. ಬಲಗಡೆಯಿಂದ ಕತ್ತರಿಸುವಂತೆ ಬರೆದು ಪುಟಕ್ಕೇರಿಸಿ, ಅವರ ಮನೆಯಿಂದ ಹೊರಟು ಬಂದೆ.

ಮನೆ ತಲುಪಿ, ಕಾಫಿಗೆ ನೀರಿಟ್ಟು, ಸುಮ್ಮನೆ ನನ್ನ ಫೋನಿನಲ್ಲಿ ಪುಟ ತೆರೆದೆ. ಮಲ್ಲಣ್ಣ ಇದ್ದರು. ರಶ್ಮಿ ಇದ್ದಳು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಪೂರ್ತಿ. ಶಿವು ಇದ್ದ, ಆಳುಗಳಿದ್ದರು, ಅರ್ಧ ಮೂಟೆಯೂ ಇತ್ತು. ನಡುವೆ ಖಾಲಿ ಕುರ್ಚಿ. ಅತ್ತೆ ಇರಲಿಲ್ಲ.

ಅವರ ಫೋನಿಗೆ ಮಾಡಿದೆ. ಹೊಡೆದುಕೊಂಡಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಒಲೆ ಆರಿಸಿ ಹೊರಟೆ. ದಾರಿಯಲ್ಲಿ ಓಡಲಿಲ್ಲವೆಂದರೆ ಸುಳ್ಳಾಗುತ್ತದೆ. ಫೋಟೋ ಕತ್ತರಿಸಿದರೆ ಮನುಷ್ಯರಿಗೇನೂ ಆಗುವುದಿಲ್ಲ, ಏನೂ ಆಗುವುದಿಲ್ಲ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಓಡಿದೆ. ಶಂಕರಪುರಂನ ಆ ಬೀದಿಯಲ್ಲಿ ಮುಸ್ಸಂಜೆಯ ಹೊತ್ತಿನಲ್ಲಿ ಒಂದು ನಾಯಿಯೂ ಇರಲಿಲ್ಲ. ಮನೆಯ ಬಾಗಿಲು ತೆರೆದೇ ಇತ್ತು.

ಅತ್ತೆ ಹಾಲ್‌ನಲ್ಲಿ ಕಾಲು ಚಾಚಿ ಕೂತು, ರಶ್ಮಿಯ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಿದ್ದರು. ಅವರ ಫೋನು ಪಕ್ಕದಲ್ಲಿ ಬಿದ್ದಿತ್ತು, ಸದ್ದು ಅಡಗಿಸಿಕೊಂಡು. ನನ್ನನ್ನು ನೋಡಿ ಮುಖ ಅರಳಿಸಿದರು.

"ಸರಿಯಾಗಿ ಮಾಡಿದೀಯ ಕಣೇ. ಎಲ್ಲರೂ ಇದಾರೆ."

ಉಸಿರು ಸಿಗುತ್ತಿರಲಿಲ್ಲ. "ನೀವಿಲ್ವಲ್ಲ ಅತ್ತೆ!"

"ನಾನ್ಯಾಕೆ?"

"ಅಲ್ಲಿ ಮೂಟೆ ಇಟ್ಟಿದ್ದೆವಲ್ಲ. ನೀವು ಯಾಕೆ ಹೋಗಿ ನಿಂತ್ರಿ?"

"ಮೂಟೆ ಕೊಟ್ಟು ಮನುಷ್ಯರನ್ನ ಉಳಿಸ್ಕೊಳೋಕಾಗತ್ತೇನೇ? ಕತ್ತರಿ ಇದ್ಮೇಲೆ ಅದಕ್ಕೆ ಯಾರಾದ್ರೂ ಬೇಕು." ಒಳಗೆ ಮಲಗಿದ್ದ ರಶ್ಮಿಗೆ ಕೇಳದಂತೆ ದನಿ ತಗ್ಗಿಸಿದರು. "ಗೊತ್ತಿದ್ದೋರು ನಿಂತ್ರೆ ಒಳ್ಳೇದು ಸುಮಾ. ಅಣ್ಣನಿಗೆ ಪಾಪ ಗೊತ್ತೇ ಇರಲಿಲ್ಲ."

ಈ ಹೆಂಗಸನ್ನು ನಾನು ಎಷ್ಟು ಪ್ರೀತಿಸುತ್ತೇನೆಂದು ನನಗೇ ಗೊತ್ತಿರಲಿಲ್ಲ. ಶಿವುವಿನ ಲ್ಯಾಪ್‌ಟಾಪ್ ಎಳೆದುಕೊಂಡು ಅಲ್ಲೇ ನೆಲದ ಮೇಲೆ ಕೂತೆ. 'ಕವರ್' ಎಂಬ ಜಾಗದಲ್ಲಿ 'ಕಂಟೇನ್' ಎಂದು ಬರೆದೆ. ಎಲ್ಲರನ್ನೂ ಒಳಗಿಡು, ಜಾಗ ಖಾಲಿ ಉಳಿದರೆ ಉಳಿಯಲಿ ಎಂದು ಅದರ ಅರ್ಥ. ಫೋನಿನಲ್ಲಿ ಫೋಟೋ ಕುಗ್ಗಿತು, ಮೇಲೆ ಕೆಳಗೆ ಬಿಳಿ ಜಾಗ ಬಿಟ್ಟಿತು. ಬಲಗಡೆಯಿಂದ ಮೂಟೆಗಳು ಬಂದವು. ಮೂಟೆಗಳಾಚೆ ಅತ್ತೆ ಬಂದು ನಿಂತರು.

ಮೂಟೆಗಳನ್ನು ಅಂಗಡಿಗೆ ಮುಟ್ಟಿಸಿ ಬಂದ ಶಿವು ಬಗ್ಗಿ ನೋಡಿ, "ಏನೇ ಇದು, ಮತ್ತೆ ಅಂಚೆಚೀಟಿ ಮಾಡಿದೀಯ? ಮುಖಾನೇ ಕಾಣಲ್ವಲ್ಲ!" ಎಂದ. ನನ್ನ ಮುಖ ನೋಡಿದ, ಅವನಮ್ಮನ ಮುಖ ನೋಡಿದ, ಕೈಕಾಲು ತೊಳೆಯಲು ಹೋದ.

ಅತ್ತೆ ಫೋನ್ ತೆಗೆದುಕೊಂಡರು. ಅವರಿಗೂ ಮುಖ ಕಾಣುತ್ತಿರಲಿಲ್ಲ. ಎರಡು ಬೆರಳನ್ನು ತೆರೆಯ ಮೇಲಿಟ್ಟು ಅಗಲಿಸಿ ರಶ್ಮಿಯ ಮುಖವನ್ನು ದೊಡ್ಡದು ಮಾಡಿದರು. ಇನ್ನೂ ದೊಡ್ಡದು ಮಾಡಿದರು. ಸೊಸೆಯ ಮುಖ ತೆರೆಯ ತುಂಬ ಬಂದಾಗ ಮೂಟೆಗಳು ಅಂಚಿನಾಚೆ ಸರಿದವು, ಅವರೂ ಸರಿದುಹೋದರು. ಅವರು ಅದನ್ನು ಗಮನಿಸಲೇ ಇಲ್ಲ, ರಶ್ಮಿಯನ್ನೇ ನೋಡುತ್ತಿದ್ದರು. ನಾನು ಪಕ್ಕಕ್ಕೆ ಸರಿದು ಕೂತು, ನನ್ನ ಎರಡು ಬೆರಳಿಟ್ಟು ಮತ್ತೆ ಚಿಕ್ಕದು ಮಾಡಿದೆ. ಅವರು ಬೈಯುತ್ತಾ ದೊಡ್ಡದು ಮಾಡಿದರು. ನಾನು ಮತ್ತೆ ಚಿಕ್ಕದು ಮಾಡಿದೆ.